ಘಂಟಾನಾದವೂ ಯಂತ್ರನಾದವೂ

ಪೂಜೆಯ ಆರಂಭದಲ್ಲಿ ಘಂಟಾನಾದ ಮಾಡುವುದು ನಮ್ಮ ಸಂಪ್ರದಾಯ. ದೇವತೆಗಳು ಬರಲಿ, ದುಷ್ಟಶಕ್ತಿಗಳು ತೊಲಗಲಿ ಎಂಬುದೇ ಆಗ ಹೇಳುವ ಶ್ಲೋಕದ ತಾತ್ಪರ್ಯ. ಮಂಗಳಾರತಿಯ ಹೊತ್ತಿಗೆ ಶಂಖ ಜಾಗಟೆಗಳೂ ಸೇರುತ್ತವೆ. ರೋಮನ್ ಕ್ಯಾಥೊಲಿಕ್ ಇಗರ್ಜಿಗಳಲ್ಲಿಯೂ ಬಲಿಪೂಜೆಯ ಪವಿತ್ರ ಘಳಿಗೆಯಲ್ಲಿ ಕಿರುಗಂಟೆ ಬಾರಿಸುವ ಪದ್ಧತಿಯುಂಟು. ಆದ್ದರಿಂದ ಉಪಾಸನೆಗೆ ಶಬ್ದವೇ ಶತ್ರುವೆನ್ನಲಾಗದು. ಹಾಗಾದರೆ ಭಜನೆಯ ನಡುವೆ ಗಣಕಯಂತ್ರವು ಹೊರಡಿಸುವ ಒಂದು ‘ಟಿಣ್’ ಎಂಬ ಸದ್ದು ಮನಸ್ಸನ್ನು ಇಷ್ಟೊಂದು ಕದಡುವುದೇಕೆ?

ಹಾಡಿನ ಸಾಹಿತ್ಯವನ್ನು ತೆರೆಯ ಮೇಲೆ ತೋರಿಸುವ ರೂಢಿ ಪಾಶ್ಚಾತ್ಯ ದೇಶಗಳ ಚರ್ಚುಗಳಲ್ಲಿ ಚೆನ್ನಾಗಿ ಬೇರೂರಿದೆ. ಅದಕ್ಕೆಂದೇ ಪ್ರೊಪ್ರೆಸೆಂಟರ್, ಈಸಿವರ್ಷಿಪ್ ಮುಂತಾದ ತಂತ್ರಾಂಶಗಳಿವೆ. 1987ರಲ್ಲಿ ಹೊರಬಂದ ಪವರ್‌ಪಾಯಿಂಟ್ ಕಚೇರಿಯ ಸಭೆಗಳಿಗಾಗಿ ಹುಟ್ಟಿದ್ದಾದರೂ ಭಜನಾಮಂದಿರವನ್ನೂ ಹೊಕ್ಕಿದೆ. ಹೊರನಾಡ ಕನ್ನಡಿಗರಿಗೆ ಇದು ಬರಿಯ ಅನುಕರಣವಲ್ಲ. ಮುಂಬಯಿಯಲ್ಲೋ ದೆಹಲಿಯಲ್ಲೋ ಬೆಳೆದು, ಕನ್ನಡ ಮಾತನಾಡಬಲ್ಲ ಆದರೆ ಓದಲಾರದ ಮಗುವಿಗೆ ದಾಸರ ಪದವನ್ನು ದೇವನಾಗರಿಯಲ್ಲಿಯಾದರೂ ತೋರಿಸದೆ ಹೋದರೆ ಅದು ಬಾಯಿ ಮುಚ್ಚಿಯೇ ಕುಳಿತೀತು. ತೆರೆಯೇ ಬೇಡವೆನ್ನುವ ಹಿರಿಯರು ಇದನ್ನು ಯೋಚಿಸಬೇಕು.

ಸದ್ದು ಬರುವ ಕಾರಣ ಸರಳ. ಚಿತ್ರವನ್ನು ಒಯ್ಯುವ ಎಚ್‌ಡಿಎಂಐ ತಂತಿಯೇ ಧ್ವನಿಯನ್ನೂ ಒಯ್ಯಬಲ್ಲದು. ತಂಬೂರಿಯ ಶ್ರುತಿ ಯಾವುದು, ಅಂಚೆ ಬಂದ ಸೂಚನೆ ಯಾವುದು ಎಂಬ ವಿವೇಕ ಯಂತ್ರಕ್ಕಿಲ್ಲ. ಎರಡನ್ನೂ ಸಮಭಾವದಿಂದ ಧ್ವನಿವರ್ಧಕಕ್ಕೆ ಒಪ್ಪಿಸುತ್ತದೆ. (ಸ್ಥಿತಪ್ರಜ್ಞೆ ಅದಕ್ಕೇ ಮೊದಲು ಸಿದ್ಧಿಸಿತೆನ್ನಬೇಕು!)

ಗಂಟೆಗೂ ಈ ಸದ್ದಿಗೂ ಭೇದವಿರುವುದು ಅವು ಯಾರನ್ನು ಎಲ್ಲಿಗೆ ಕರೆಯುತ್ತವೆ ಎಂಬಲ್ಲಿ. ಗಂಟೆ ನೆರೆದವರೆಲ್ಲರನ್ನೂ ಒಂದೇ ಕಡೆಗೆ ಕರೆಯುತ್ತದೆ. ಸೂಚನೆಯ ಸದ್ದಾದರೋ ಯಂತ್ರದ ಒಡೆಯನೊಬ್ಬನನ್ನು ಅವನ ವ್ಯವಹಾರಕ್ಕೆ ಕರೆಯಲು ರಚಿತವಾದುದು. ಅದು ಸಭಾಂಗಣದ ತುಂಬ ಮೊಳಗಿದಾಗ ಪ್ರತಿಯೊಬ್ಬನ ಕೈಯೂ ತನ್ನ ಜೇಬಿನತ್ತ ಹೋಗುತ್ತದೆ. ದೇವಿಯ ಮುಂದೆ ಕುಳಿತವನು ಕ್ಷಣಮಾತ್ರದಲ್ಲಿ ಮನೆಗೋ ಕಚೇರಿಗೋ ಹೋಗಿ ಬಂದಿರುತ್ತಾನೆ.

ಪ್ರಿಯಕರನನ್ನು ಕಾಣಲು ಓಡುತ್ತಿದ್ದ ಹೆಣ್ಣೊಬ್ಬಳು ನಮಾಜಿನಲ್ಲಿದ್ದ ಅಕ್ಬರನ ಜಮಖಾನವನ್ನು ತುಳಿದು ಹೋದಳೆಂಬ ಕಥೆ ಪ್ರಚಲಿತವಾಗಿದೆ. ಮನುಷ್ಯನ ಧ್ಯಾನದಲ್ಲಿದ್ದ ತನಗೆ ಪ್ರಭು ಕಾಣಲಿಲ್ಲ. ದೇವರ ಧ್ಯಾನದಲ್ಲಿದ್ದ ಪ್ರಭುವಿಗೆ ತಾನು ಕಂಡದ್ದು ಹೇಗೆ ಎಂದು ಆಕೆ ಕೇಳಿದಳಂತೆ. ಭಕ್ತನು ಈ ಕಥೆಯನ್ನು ತನಗೆ ತಾನೇ ಹೇಳಿಕೊಂಡರೆ ಅದು ಸಾಧನೆ. ಗಣಕಯಂತ್ರದ ಮುಂದೆ ಕುಳಿತವನು ಭಕ್ತನಿಗೆ ಹೇಳಿದರೆ ಉದ್ಧಟತನ. ಏಕಾಗ್ರತೆ ಅವರವರ ಹೊಣೆಯೆಂಬುದು ನಿಜ. ಆದರೆ ಅದಕ್ಕೆ ಎಡೆ ಮಾಡಿಕೊಡುವುದು ಪರಿಚಾರಕನ ಹೊಣೆ. ದೀಪಕ್ಕೆ ಎಣ್ಣೆ ಎರೆಯುವವನಂತೆ ಇವನೂ ಪರಿಚಾರಕನೇ ಸರಿ.

ಪೂಜೆಗೆ ಮುನ್ನ ಅಂತರ್ಜಾಲದ ಸಂಪರ್ಕವನ್ನು ಕಡಿದು, ಯಂತ್ರದ ಸೂಚನಾಶಬ್ದಗಳನ್ನು ನಿಲ್ಲಿಸಿಡುವುದು ಎರಡು ನಿಮಿಷದ ಕೆಲಸ. ಆಸನಶುದ್ಧಿಯಂತೆ ಅದನ್ನೂ ಪೂಜೆಯ ಪೂರ್ವಾಂಗವೆಂದು ಎಣಿಸಬಹುದು. ಇಷ್ಟಾಗಿಯೂ ಎಂದಾದರೊಮ್ಮೆ ಸದ್ದು ಬಂದೀತು. ಆಗ ಸಭೆಯೆಲ್ಲ ಹಿಂತಿರುಗಿ ಆ ಹುಡುಗನನ್ನು ದುರುಗುಟ್ಟಿ ನೋಡುವುದು ಬೇಡ. ಮುಂದಿನ ಸಾಲನ್ನು ತೆರೆಗೆ ತರಬೇಕಾದವನು ಅವನು. ಅವನ ಕೈ ನಡುಗಿದರೆ ಮಗುವಿನ ಹಾಡೂ ನಡುವೆಯೇ ನಿಂತೀತು.