ಯಾರಾದರೂ ಲೆಕ್ಕ ಕೇಳಬಹುದು

ಕೆಲವು ವರ್ಷಗಳ ಹಿಂದೆ ಬೇ ಏರಿಯಾದ ಒಂದು ಪುಟ್ಟ ಕನ್ನಡ ಬಳಗಕ್ಕೆ ನಾನು ಖಜಾಂಚಿಯಾಗಿದ್ದೆ. ಸಿಎ ಓದಿದವನು ಎಂಬ ಒಂದೇ ಕಾರಣಕ್ಕೆ ಆ ಕುರ್ಚಿ ನನ್ನ ಪಾಲಿಗೆ ಬಂದಿತ್ತು. ವಾರ್ಷಿಕ ಸಭೆಯಲ್ಲಿ ಲೆಕ್ಕ ಓದಿ ಮುಗಿಸಿದೆ. ಬಿಸಿಬೇಳೆ ಬಾತಿನ ವಾಸನೆ ಆಗಲೇ ಹಾಲಿನೊಳಗೆ ಬರುತ್ತಿತ್ತು. ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ‘ಇತರ ಖರ್ಚು ಅಂತ 640 ಡಾಲರ್ ತೋರಿಸಿದ್ದೀರಲ್ಲ, ಅದೇನು ಸಾರ್?’ ಎಂದರು.

ನನಗೂ ಅವರಿಗೂ ಹಿಂದಿನ ವರ್ಷ ಯುಗಾದಿ ನಾಟಕದ ವಿಷಯದಲ್ಲಿ ಮಾತು ಬೆಳೆದಿತ್ತು. ಸಭೆಯಲ್ಲಿದ್ದ ಎಲ್ಲರಿಗೂ ಅದು ಗೊತ್ತು. ನಾನು ಉತ್ತರ ಕೊಡಲಿಲ್ಲ. ‘ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ನೀವೇ ಮುಂದಿನ ವರ್ಷ ಈ ಕೆಲಸ ಮಾಡಿ’ ಎಂದೆ. ಚಪ್ಪಾಳೆ ಬಿತ್ತು. ಅವರು ಕೂತರು. ಮನೆಗೆ ಹೋಗುವಾಗ ಕಾರಿನಲ್ಲಿ ನನ್ನ ಹೆಂಡತಿ, ‘ಅದು ಏನು ಖರ್ಚು ಅಂತ ನೀವು ಹೇಳಲೇ ಇಲ್ವಲ್ರೀ’ ಎಂದಳು.

ಆಫೀಸಿನಲ್ಲಿ ದಿನಾ ನಾನು ಬೇರೆಯವರಿಗೆ ಕೇಳುವುದು ಇದೇ ಪ್ರಶ್ನೆಯನ್ನು. ಅದರಿಂದಲೇ ನಮ್ಮ ಮನೆಯ ಅಕ್ಕಿ ಬೇಳೆ ನಡೆಯುವುದು.

ಪ್ರಾಚೀನ ಗ್ರೀಕರ ಕಾನೂನಿನ ಮೇಲೆ ನನಗೆ ಆಸಕ್ತಿ ಹುಟ್ಟಿದ್ದು ಬರ್ಕ್ಲಿಯ ಟೆಲಿಗ್ರಾಫ್ ಅವೆನ್ಯೂನ ಹಳೇ ಪುಸ್ತಕದಂಗಡಿಯಲ್ಲಿ, ಮಗಳಿಗಾಗಿ ಕಾಯುತ್ತಾ ನಿಂತಿದ್ದಾಗ. ಅಥೆನ್ಸ್‌ನ ಆಡಳಿತದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು, ಅರಿಸ್ಟಾಟಲ್ ಅಥವಾ ಅವನ ಶಿಷ್ಯರು ಬರೆದ ಒಂದು ಗ್ರಂಥದಿಂದ ಬಂದದ್ದು. ಕಳೆದೇಹೋಗಿದೆ ಎಂದುಕೊಂಡಿದ್ದ ಆ ಗ್ರಂಥ ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ ಸಿಕ್ಕಿ, 1891ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆ ಸುರುಳಿಗಳ ಮುಂಭಾಗದಲ್ಲಿದ್ದದ್ದು ಒಬ್ಬ ಜಮೀನ್ದಾರನ ಕಾರಭಾರಿ ಬರೆದ ಹೊಲದ ಜಮಾಖರ್ಚು. ಆ ಲೆಕ್ಕದ ಕಾಗದದ ಬೆನ್ನಿನ ಮೇಲೆ ಯಾರೋ ಈ ಗ್ರಂಥವನ್ನು ನಕಲು ಮಾಡಿಕೊಂಡಿದ್ದರು. ನಮ್ಮ ವೃತ್ತಿಯವರಿಂದ ವಿದ್ಯೆಗೆ ಇಷ್ಟಾದರೂ ಉಪಕಾರವಾಗಿದೆ!

ಅದರಲ್ಲಿ ‘ಯೂಥುನಾ’ ಎಂಬ ಪದ್ಧತಿಯ ವಿವರವಿದೆ. ಅಥೆನ್ಸ್‌ನಲ್ಲಿ ಅಧಿಕಾರದ ಅವಧಿ ಮುಗಿಸಿದ ಪ್ರತಿಯೊಬ್ಬನೂ ಲೆಕ್ಕ ಒಪ್ಪಿಸಬೇಕು. ಚೀಟಿ ಎತ್ತಿ ಆರಿಸಿದ ಹತ್ತು ಜನ ‘ಲೋಗಿಸ್ಟೈ’, ಅಂದರೆ ಲೆಕ್ಕಿಗರು, ಅದನ್ನು ನೋಡುತ್ತಾರೆ. ಕದ್ದದ್ದು ರುಜುವಾತಾದರೆ ಹತ್ತು ಪಟ್ಟು ದಂಡ. ಆಮೇಲೆ ಇನ್ನೊಂದು ಬಗೆಯ ಅಧಿಕಾರಿಗಳು ಮೂರು ದಿನ ಸಂತೆಮಾಳದಲ್ಲಿ ಕೂರುತ್ತಾರೆ. ದೂರಿದ್ದ ಯಾವ ಪ್ರಜೆಯಾದರೂ ಬಿಳಿ ಬಳಿದ ಹಲಗೆಯ ಮೇಲೆ ಬರೆದು ಕೊಡಬಹುದು. ಸರ್ಕಾರದ ದುಡ್ಡು ಮುಟ್ಟದವನೂ ತಪ್ಪಿಸಿಕೊಳ್ಳುವಂತಿಲ್ಲ, ನಾನು ಏನೂ ಪಡೆದಿಲ್ಲ, ಏನೂ ಖರ್ಚು ಮಾಡಿಲ್ಲ ಎಂದು ಬರೆದುಕೊಡಬೇಕು. ಅರ್ಚಕರಿಗೂ ಇದರಿಂದ ವಿನಾಯಿತಿ ಇರಲಿಲ್ಲ ಎಂದು ಈಸ್ಕಿನೀಸ್ ಎಂಬ ಭಾಷಣಕಾರ ಹೇಳುತ್ತಾನೆ. ಅವನೇ ಹೇಳುವ ಇನ್ನೊಂದು ಸಂಗತಿಯನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಲೆಕ್ಕ ಒಪ್ಪಿಸುವವರೆಗೆ ಅವನು ಊರು ಬಿಟ್ಟು ಪರದೇಶಕ್ಕೆ ಹೋಗುವಂತಿಲ್ಲ.

‘ಇತರ ಖರ್ಚು’ ಅಲ್ಲೂ ಇತ್ತು. ಪೆರಿಕ್ಲೀಸ್ ಒಮ್ಮೆ ಹತ್ತು ಟ್ಯಾಲೆಂಟ್ ಹಣಕ್ಕೆ ‘ಬೇಕಾದ್ದಕ್ಕೆ’ ಎಂದಷ್ಟೇ ಬರೆದು ತೋರಿಸಿದನಂತೆ. ಸ್ಪಾರ್ಟಾದವರಿಗೆ ಕೊಟ್ಟ ಲಂಚ ಅದು, ಜನ ಅದನ್ನು ಕೆದಕದೆ ಮರುಮಾತಿಲ್ಲದೆ ಒಪ್ಪಿಕೊಂಡರು ಎಂದು ಪ್ಲೂಟಾರ್ಕ್ ಬರೆದಿದ್ದಾನೆ. ನಾನು ಪೆರಿಕ್ಲೀಸ್ ಅಲ್ಲ.

ಇವೆಲ್ಲ ಕಾನೂನಿನಲ್ಲಿ ಬರೆದಿದ್ದವು. ನಡೆಯುತ್ತಿದ್ದದ್ದು ಹೇಗೆ? ಹಳೆಯ ವಿದ್ವಾಂಸರು ರೋಮನ್ ಕಾನೂನಿನ ಕನ್ನಡಕ ಹಾಕಿಕೊಂಡು ಗ್ರೀಕರ ನಿಯಮಗಳನ್ನು ಹುಡುಕಿ ಜೋಡಿಸುತ್ತಿದ್ದರು. ಈಚಿನವರು ನಿಯಮಕ್ಕಿಂತ ಅದನ್ನು ಬಳಸಿದವರನ್ನು ನೋಡುತ್ತಾರೆ: ಯಾರು ಯಾರ ಮೇಲೆ ದೂರು ಕೊಟ್ಟರು, ಯಾಕೆ ಕೊಟ್ಟರು. ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಡೇವಿಡ್ ಕೋಹೆನ್ 1995ರ ಪುಸ್ತಕದಲ್ಲಿ, ಅಥೆನ್ಸ್‌ನ ನ್ಯಾಯಾಲಯ ಹಗೆ ಸಾಧಿಸುವ, ಮಾನಕ್ಕಾಗಿ ಸೆಣಸುವ ಅಖಾಡವೂ ಆಗಿತ್ತು ಎಂದು ವಾದಿಸಿದರು. ಎಡ್ವರ್ಡ್ ಹ್ಯಾರಿಸ್ 2013ರ ಪುಸ್ತಕದಲ್ಲಿ ಇದನ್ನು ಒಪ್ಪುವುದಿಲ್ಲ. ಅಲ್ಲಿನ ನ್ಯಾಯಾಲಯಗಳು ಕಾನೂನಿನಂತೆ ತೀರ್ಪು ಕೊಡಲು ನಿಜವಾಗಿ ಪ್ರಯತ್ನಿಸುತ್ತಿದ್ದವು ಎನ್ನುತ್ತಾರೆ. ಈ ಜಗಳದಲ್ಲಿ ತೀರ್ಪು ಹೇಳುವ ಯೋಗ್ಯತೆ ಬಿಕಾಂ ಓದಿದ ನನಗಿಲ್ಲ. ಆದರೆ ಆಡಿಟ್ ಮಾಡಿ ಬದುಕುವವನಾಗಿ ನನಗೆ ಅನ್ನಿಸುವುದು, ಇಬ್ಬರೂ ಹೇಳುವುದು ಒಟ್ಟಿಗೇ ನಿಜವಾಗಿರಬಹುದು. ಹಗೆ ಇಲ್ಲದವನಿಗೆ ಇನ್ನೊಬ್ಬನ ಲೆಕ್ಕ ಕೆದಕುವ ಹುರುಪು ಎಲ್ಲಿಂದ ಬರಬೇಕು? ಅಥೆನ್ಸ್‌ನವರಿಗೆ ಇದು ಗೊತ್ತಿತ್ತು. ಹಾಗಾಗಿಯೇ ಬೇಕೆಂದವನು ಕೇಳಲಿ ಎಂದರು, ಸಾರ್ವಜನಿಕ ಮೊಕದ್ದಮೆಗಳಲ್ಲಿ ಐದನೇ ಒಂದು ಭಾಗದಷ್ಟೂ ಮತ ಸಿಗದ ಆರೋಪಿಗನಿಗೆ ಸಾವಿರ ದ್ರಾಕ್ಮಾ ದಂಡವನ್ನೂ ಇಟ್ಟರು.

ನಮ್ಮಲ್ಲಿ ಲೆಕ್ಕ ಕೇಳಿದರೆ ಮಾನ ಹೋಗುತ್ತದೆ. ಅಣ್ಣತಮ್ಮಂದಿರು ಮಾತು ಬಿಡುವುದು ಎಷ್ಟೋ ಸಲ ಆಸ್ತಿಗಾಗಿಯಲ್ಲ, ‘ನನ್ನನ್ನೇ ಲೆಕ್ಕ ಕೇಳಿದ’ ಎಂಬುದಕ್ಕೆ. ಬಸವಣ್ಣನ ಕಥೆಗಳಲ್ಲಿ, ಭಂಡಾರದ ಹಣ ಪೋಲಾಗಿದೆ ಎಂದು ಬಿಜ್ಜಳನಿಗೆ ದೂರು ಹೋಗುತ್ತದೆ. ಎಣಿಸಿದರೆ ಹಣ ಸರಿಯಾಗಿರುತ್ತದೆ. ಚಾಡಿ ಹೇಳಿದವರನ್ನು ನಾವು ಈಗಲೂ ಬೈಯುತ್ತೇವೆ. ಆದರೆ ಭಂಡಾರಿಯ ಕೈ ಶುದ್ಧವೆಂದು ಊರಿಗೆಲ್ಲ ತಿಳಿದದ್ದು ಆ ಚಾಡಿಯಿಂದಲೇ ಅಲ್ಲವೆ? ಎಲ್ಲರನ್ನೂ, ಪ್ರತಿ ವರ್ಷ, ಅರ್ಚಕರನ್ನೂ ಸೇರಿಸಿ ಕೇಳುವ ಊರಿನಲ್ಲಿ ಕೇಳಿಸಿಕೊಳ್ಳುವುದು ಅವಮಾನವಾಗಲಾರದು. ಒಬ್ಬನನ್ನು ಮಾತ್ರ ಕೇಳಿದಾಗ ಅದು ಚುಚ್ಚುತ್ತದೆ. ನನ್ನನ್ನು ಅವರು ಕೇಳಿದ್ದು ನಾಟಕದ ಸಿಟ್ಟಿಗೇ ಇರಬಹುದು. ಆ ಸಿಟ್ಟು ಅವರ ಲೆಕ್ಕ. 640 ಡಾಲರ್ ನನ್ನ ಲೆಕ್ಕ. ನಾನು ಚಪ್ಪಾಳೆ ಗಿಟ್ಟಿಸಿದ್ದು ಅವರ ಲೆಕ್ಕ ತೋರಿಸಿ.

ಆ ಪುಸ್ತಕ ಓದಿದ ವಾರ ಹಳೇ ಫೈಲು ತೆಗೆದೆ. ರಸೀದಿಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಒಂದೊಂದಾಗಿ ಟಿಕ್ ಹಾಕಿದೆ. ಹಾಲ್ ಗುಡಿಸಿದವರಿಗೆ ಕೊಟ್ಟ 120 ಡಾಲರ್ ಎರಡು ಸಲ ಬರೆದಿದ್ದೆ, ಒಮ್ಮೆ ಚೆಕ್ಕಿನಲ್ಲಿ, ಒಮ್ಮೆ ನನಗೆ ನಾನೇ ವಾಪಸು ತೆಗೆದುಕೊಂಡ ನಗದಿನಲ್ಲಿ. ಕದ್ದದ್ದಲ್ಲ, ಆದರೆ ದುಡ್ಡು ನನ್ನ ಹತ್ತಿರವೇ ಇತ್ತು.

ಹೊಸ ಖಜಾಂಚಿಗೆ ಚೆಕ್ ಬರೆದು, ತಪ್ಪು ಹೇಗಾಯಿತೆಂದು ವಿವರಿಸಿ ಸದಸ್ಯರೆಲ್ಲರಿಗೂ ಒಂದು ಇಮೇಲ್ ಕಳಿಸಿದೆ. ನಾಲ್ಕೈದು ಜನ ‘ನಿಮ್ಮ ಪ್ರಾಮಾಣಿಕತೆಗೆ ನಮಸ್ಕಾರ’ ಎಂದು ಉತ್ತರಿಸಿದರು. ಪ್ರಶ್ನೆ ಕೇಳಿದವರು ಆ ಹೊತ್ತಿಗೆ ಬಳಗಕ್ಕೆ ಬರುವುದನ್ನು ಬಿಟ್ಟಿದ್ದರು. ಇಮೇಲ್ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ಫೋನ್ ನಂಬರ್ ನನ್ನಲ್ಲಿದೆ. ಎರಡು ಸಲ ತೆಗೆದು ನೋಡಿದ್ದೇನೆ.