ಖಾಲಿ ಬಿದ್ದ ವರ್ಷಗಳ ಲೆಕ್ಕ

ಉದ್ಯೋಗಕ್ಕೆ ಅರ್ಜಿ ಸಲ್ಲಿಸುವಾಗ ಹಿಂದಿನ ಕೆಲಸಗಳ ವಿವರವನ್ನು ತಾರೀಕು ಸಹಿತ ಬರೆಯಬೇಕಾಗುತ್ತದೆ. ಒಂದು ಕೆಲಸ ಬಿಟ್ಟದ್ದಕ್ಕೂ ಇನ್ನೊಂದಕ್ಕೆ ಸೇರಿದ್ದಕ್ಕೂ ನಡುವೆ ವರ್ಷವೋ ಎರಡು ವರ್ಷವೋ ಖಾಲಿ ಬಿದ್ದಿದ್ದರೆ ಸಂದರ್ಶಕರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. 'ಈ ಅವಧಿಯಲ್ಲಿ ಏನು ಮಾಡುತ್ತಿದ್ದಿರಿ?' ನಮ್ಮ ಮನೆಗಳಲ್ಲಿ ಇಂತಹ ಖಾಲಿ ವರ್ಷಗಳಿಗೆ ಕೊರತೆಯಿಲ್ಲ. ಪಾರ್ಶ್ವವಾಯು ಬಡಿದ ತಂದೆಯ ಆರೈಕೆಗೆ ನಿಂತ ಮಗ, 2020ರ ಕೊರೋನಾ ಕಾಲದಲ್ಲಿ ಗಲ್ಫ್‌ನಿಂದ ಬರಿಗೈಯಲ್ಲಿ ಮರಳಿದವರು, ಹೆರಿಗೆಗೆಂದು ಕೆಲಸ ಬಿಟ್ಟ ಶಿಕ್ಷಕಿ, ಪತಿಯ ಮರಣದ ಬಳಿಕ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿಸುವಷ್ಟರಲ್ಲಿ ಕೆಲಸ ಕಳೆದುಕೊಂಡ ಸಹೋದರಿ.

ಇದಕ್ಕೆ ಊರಿನಲ್ಲಿ ಸುಲಭ ಉಪಾಯವೊಂದಿದೆ. ಬಂಧುವೊಬ್ಬರ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ, 'ಇವರು ಎರಡು ವರ್ಷ ನಮ್ಮಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದರು' ಎಂದು ಬರೆಸಿ ಸೀಲು ಹಾಕಿಸುವುದು. ಹುಡುಗನಿಗೊಂದು ದಾರಿಯಾಗಲಿ ಎಂಬ ಮರುಕದಿಂದಲೇ ಹೆಚ್ಚಿನವರು ಹಾಗೆ ಬರೆದು ಕೊಡುತ್ತಾರೆ. ಆದರೆ ಪ್ರವಾದಿವರ್ಯರು(ಸ) ಮಹಾಪಾಪಗಳನ್ನು ವಿವರಿಸುತ್ತಾ ಸುಳ್ಳು ಸಾಕ್ಷ್ಯದ ವಿಷಯಕ್ಕೆ ಬಂದಾಗ, ಒರಗಿದ್ದವರು ಎದ್ದು ಕುಳಿತು ಅದನ್ನೇ ಮತ್ತೆ ಮತ್ತೆ ಹೇಳಿದರೆಂದು ಹದೀಸ್‌ನಲ್ಲಿದೆ. ಸೀಲು ಒತ್ತಿದ ಕಾಗದ ಸಾಕ್ಷ್ಯವಲ್ಲದೆ ಇನ್ನೇನು? ಇಲ್ಲಿ ಅರ್ಜಿದಾರನ ಜೊತೆ ಬಂಧುವೂ ಪಾಲುದಾರನಾಗುತ್ತಾನೆ. ಇನ್ನು, 2014ರಿಂದ ಭವಿಷ್ಯನಿಧಿ ಸದಸ್ಯರಿಗೆಲ್ಲ ಒಂದೇ ಖಾತೆ ಸಂಖ್ಯೆ ಬಂದಿದ್ದು, ಯಾವ ಸಂಸ್ಥೆ ಯಾವ ತಿಂಗಳು ಹಣ ಕಟ್ಟಿದೆ ಎಂಬುದು ಅದರಲ್ಲಿ ಕಾಣುತ್ತದೆ. ದೊಡ್ಡ ಕಂಪೆನಿಗಳು ಅದನ್ನು ಪರಿಶೀಲಿಸಿಯೇ ನೇಮಿಸುತ್ತವೆ. ಆದರೆ ಸಿಕ್ಕಿಬೀಳುವ ಭಯದಿಂದ ಬಿಟ್ಟ ಸುಳ್ಳನ್ನು ಸತ್ಯಸಂಧತೆ ಎನ್ನಲು ನನಗೆ ಮನಸ್ಸಿಲ್ಲ.

ಸುಳ್ಳು ಹೇಳಬಾರದು ಎಂಬಲ್ಲಿ ಭಿನ್ನಾಭಿಪ್ರಾಯವಿರಲಾರದು. ಕಷ್ಟದ ಪ್ರಶ್ನೆ ಬೇರೆಯಿದೆ: ಎಲ್ಲವನ್ನೂ ಹೇಳಲೇಬೇಕೇ? ಒಂದೆಡೆ, ಅಲ್ಲಾಹನು ಮುಚ್ಚಿಟ್ಟ ತನ್ನ ತಪ್ಪನ್ನು ತಾನೇ ಬಯಲು ಮಾಡಿಕೊಳ್ಳುವುದನ್ನು ಪ್ರವಾದಿ(ಸ) ಮೆಚ್ಚಲಿಲ್ಲ. ಇನ್ನೊಂದೆಡೆ, ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಕ್ಕಿದಾಗ ಬೆರಳಿಗೆ ತೇವ ತಾಗಿದ್ದನ್ನು ಕಂಡು, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಪ್ರಶ್ನಿಸಿದವರೂ ಅವರೇ. ಈ ಎರಡರ ನಡುವೆ ಅರ್ಜಿದಾರನು ಎಲ್ಲಿ ನಿಲ್ಲಬೇಕು?

ನನಗೆ ತೋಚುವಂತೆ, ಧಾನ್ಯದ ತೇವ ಕೊಳ್ಳುವವನ ಹಕ್ಕಿಗೆ ಸಂಬಂಧಿಸಿದ್ದು. ವ್ಯಾಪಾರಿಯ ಮನೆಯ ಜಗಳ ಹಾಗಲ್ಲ. ಮೂರ್ಛೆರೋಗದಿಂದ ಒಂದು ವರ್ಷ ಮನೆಯಲ್ಲಿದ್ದವನು ಬಸ್ಸಿನ ಚಾಲಕನಾಗಲು ಹೋದರೆ, ಯಾರೂ ಕೇಳದಿದ್ದರೂ ಅದನ್ನು ಹೇಳಲೇಬೇಕು. ಹಿಂದೆ ಕುಳಿತವರ ಜೀವ ಅವನ ಕೈಯಲ್ಲಿದೆ. ಮನೋರೋಗಕ್ಕೆ ಚಿಕಿತ್ಸೆ ಪಡೆದು ಗುಣವಾದ ಗುಮಾಸ್ತೆಯು 'ಅನಾರೋಗ್ಯವಿತ್ತು, ಈಗ ಗುಣವಾಗಿದೆ' ಎಂದರೆ ಸಾಕು. ತಲಾಕಿನ ತಕರಾರಿನಲ್ಲಿ ವರ್ಷ ಕಳೆದ ಸಹೋದರಿಯು 'ಕೌಟುಂಬಿಕ ಕಾರಣ' ಎಂದು ಬರೆದರೆ ಅದು ಸತ್ಯವೇ, ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ಯಾರಿಗೂ ಇಲ್ಲ. ಹಣ ದುರುಪಯೋಗಪಡಿಸಿ ಕೆಲಸ ಕಳೆದುಕೊಂಡು ಬಳಿಕ ತೌಬಾ ಮಾಡಿದವನ ಸ್ಥಿತಿ ಕಠಿಣ. ಅವನು ಕ್ಯಾಷಿಯರ್ ಹುದ್ದೆಗೆ ಅರ್ಜಿ ಹಾಕಿ ಮೌನ ತಾಳುವುದಕ್ಕಿಂತ, ಹಣ ಮುಟ್ಟದ ಹುದ್ದೆಯನ್ನು ಹುಡುಕುವುದು ಮೇಲು. ಇನ್ನು, ಬಕ್ರೀದಿಗೆ ನಾಲ್ಕು ಆಡು ಮಾರಿದ್ದನ್ನು ಎರಡು ವರ್ಷದ 'ಸ್ವಂತ ವ್ಯವಹಾರ' ಎಂದು ಬರೆಯುವವರೂ ಇದ್ದಾರೆ! ಪದ ಸುಳ್ಳಲ್ಲದಿರಬಹುದು, ಓದುವವನ ಮನಸ್ಸಿನಲ್ಲಿ ಅದು ಮೂಡಿಸುವ ಚಿತ್ರ ಸುಳ್ಳೇ.

ಕೆಲಸ ಹುಡುಕುವವನು ತನ್ನ ಹಿಂದಿನದನ್ನು ಹೇಳಿಕೊಂಡ ಘಟನೆಯೊಂದು ಪವಿತ್ರ ಕುರ್‌ಆನಿನ ಅಲ್‌ಕಸಸ್ ಅಧ್ಯಾಯದಲ್ಲಿದೆ. ಹಝ್ರತ್ ಮೂಸಾ(ಅ)ರ ಕೈಯಿಂದ ಈಜಿಪ್ಟಿನಲ್ಲಿ ಒಬ್ಬನು ಸತ್ತಿದ್ದ. ತಲೆಮರೆಸಿಕೊಂಡು ಅವರು ಮದ್‌ಯನ್‌ಗೆ ಬಂದಿದ್ದರು. ಮರೆಮಾಚಲು ಅವರಿಗಿಂತ ಹೆಚ್ಚು ಕಾರಣವಿದ್ದವರು ಯಾರು? ಆದರೂ ಅಲ್ಲಿಯ ವೃದ್ಧರ ಮುಂದೆ ನಡೆದುದನ್ನು ಹೇಳಿದರು. ಅದನ್ನು ಕೇಳಿದ ಬಳಿಕವೇ ವೃದ್ಧರ ಮಗಳು, ಇವರನ್ನು ಕೆಲಸಕ್ಕಿಟ್ಟುಕೊಳ್ಳಿ, ಬಲವೂ ವಿಶ್ವಾಸಾರ್ಹತೆಯೂ ಇರುವವರು ಎಂದು ಸಲಹೆ ಕೊಟ್ಟದ್ದು. ಎಂಟು ವರ್ಷದ ಕರಾರಾಯಿತು, ಇಷ್ಟವಿದ್ದರೆ ಹತ್ತು.

ಯಾವ ಕಾರಣವೂ ಇಲ್ಲದೆ ಸುಮ್ಮನೆ ವರ್ಷ ಕಳೆದವರ ಪಾಡೇನು? ಹಿಜರಿ 9ರಲ್ಲಿ ತಬೂಕ್ ದಂಡಯಾತ್ರೆಗೆ ಹೋಗದೆ ಉಳಿದ ಎಂಬತ್ತಕ್ಕೂ ಹೆಚ್ಚು ಮಂದಿ ನೆಪ ಹೇಳಿ ಪಾರಾದರು. ಆದರೆ ಮಾತಿನಲ್ಲಿ ಚತುರರಾಗಿದ್ದ ಕಅಬ್ ಬಿನ್ ಮಾಲಿಕ್(ರ) ತನಗೆ ಯಾವ ನೆಪವೂ ಇರಲಿಲ್ಲವೆಂದು ಒಪ್ಪಿಕೊಂಡು, 50 ದಿನಗಳ ಬಹಿಷ್ಕಾರ ಅನುಭವಿಸಿದರು. ಸತ್ಯಕ್ಕೆ ಕೂಡಲೇ ಕೆಲಸ ಸಿಗುತ್ತದೆಂದು ನಾನು ಹೇಳುತ್ತಿಲ್ಲ. ಸಿಗದೆಯೂ ಹೋಗಬಹುದು.

ಕೆಲಸ ಕೊಡುವ ಸ್ಥಾನದಲ್ಲಿಯೂ ನಮ್ಮವರಿದ್ದಾರೆ. ಅಂಗಡಿ, ಶಾಲೆ, ಆಸ್ಪತ್ರೆ ನಡೆಸುತ್ತಾರೆ. 2017ರ ತಿದ್ದುಪಡಿಯು ಮೊದಲ ಎರಡು ಮಕ್ಕಳ ಹೆರಿಗೆಗೆ ಸಂಬಳ ಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಆದರೂ ರಜೆ ಕೊಡುವ ಬದಲು ರಾಜೀನಾಮೆ ಬರೆಸಿಕೊಳ್ಳುವ ಆಡಳಿತ ಮಂಡಳಿಗಳಿವೆ. ಹಾಗೆ ಬಿಡಿಸಿದ ಒಂದು ಶಾಲೆಯವರೇ ಎರಡು ವರ್ಷದ ಬಳಿಕ ಮರಳಿ ಬಂದ ಅದೇ ಶಿಕ್ಷಕಿಯೊಡನೆ, ಇಷ್ಟು ಕಾಲ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದನ್ನು ನಾನು ಬಲ್ಲೆ. ಮಗು ಸಾಕುತ್ತಿದ್ದೆ ಎಂದು ಆಕೆ ಹೇಳಿದರು. ಅವರ ರಾಜೀನಾಮೆ ಪತ್ರ ಅದೇ ಕಚೇರಿಯ ಕಪಾಟಿನಲ್ಲಿತ್ತು.