ಒಳಿತು ಗೆಲ್ಲುವುದು ಯಾವಾಗ?

ಸುಳ್ಳು ಸಾಕ್ಷಿ ಹೇಳಿಸಿದವನು ಮೊಕದ್ದಮೆ ಗೆಲ್ಲುತ್ತಾನೆ. ಲಂಚ ಕೊಡದವನ ಅರ್ಜಿ ಕಡತದಲ್ಲೇ ಕೊಳೆಯುತ್ತದೆ. ಇದನ್ನೆಲ್ಲ ಕಂಡಾಗ, 'ಕೊನೆಗೆ ಒಳಿತೇ ಗೆಲ್ಲುತ್ತದೆ ಎಂಬುದು ಬರಿಯ ಸಮಾಧಾನದ ಮಾತಲ್ಲವೇ?' ಎಂಬ ಪ್ರಶ್ನೆ ನಿಮ್ಮ ಮನದಲ್ಲಿ ಎದ್ದಿರಬಹುದು. ನಿಮ್ಮ ಮಕ್ಕಳು ಕೇಳಿಯೂ ಇರಬಹುದು. ಈ ಪ್ರಶ್ನೆ ನಮ್ಮದು ಮಾತ್ರವಲ್ಲ. ಕ್ರೈಸ್ತ ಬಾಂಧವರು ಇದಕ್ಕೆ ಕೊಡುವ ಉತ್ತರವನ್ನು ಇಂದು ಗಮನವಿಟ್ಟು ನೋಡೋಣ.

ಶುಭ ಶುಕ್ರವಾರದಂದು ಶಿಲುಬೆಯ ಬಳಿ ಕೆಡುಕು ಗೆದ್ದಂತೆ ಕಂಡಿತು, ಮೂರನೆಯ ದಿನದ ಪುನರುತ್ಥಾನದಲ್ಲಿ ಅದು ಸೋತಿತು, ಯೇಸುವಿನ ಪುನರಾಗಮನದಂದು ಆ ಸೋಲು ಪೂರ್ಣವಾಗುತ್ತದೆ ಎಂಬುದು ಅವರ ನಂಬಿಕೆ. ಬೈಬಲಿನ ಕೊನೆಯ ಗ್ರಂಥವಾದ 'ಪ್ರಕಟನೆ' ಇದನ್ನೇ ಸಾರುತ್ತದೆ. ಇಂದಿನ ಟರ್ಕಿಯ ಪ್ರದೇಶದಲ್ಲಿ, ರೋಮ್ ಸಾಮ್ರಾಜ್ಯದ ಅಧೀನದಲ್ಲಿದ್ದ ಏಳು ಸಭೆಗಳನ್ನು ಉದ್ದೇಶಿಸಿದ ಗ್ರಂಥವದು.

ಹಝ್ರತ್ ಈಸಾ(ಅ)ರು ಶಿಲುಬೆಗೇರಿಸಲ್ಪಟ್ಟರೆಂಬುದನ್ನು ನಾವು ಒಪ್ಪುವುದಿಲ್ಲ. ಈ ಭಿನ್ನತೆಯನ್ನು ಮರೆಮಾಚಬೇಕಾಗಿಲ್ಲ. ಆದರೆ ಅವರ ಪುನರಾಗಮನವನ್ನೂ ಅಂತಿಮ ದಿನದ ನ್ಯಾಯ ತೀರ್ಮಾನವನ್ನೂ ನಾವೂ ನಂಬುತ್ತೇವೆ. ಆದ್ದರಿಂದ ಒಂದು ಪ್ರಶ್ನೆ ಇಬ್ಬರಿಗೂ ಸಮಾನವಾಗಿದೆ: ಕೊನೆಯ ಗೆಲುವು ಖಚಿತವೆಂದಾದರೆ, ಇಂದು ನಾನು ಮಾಡಬೇಕಾದುದೇನು?

ಜರ್ಮನಿಯ ಕ್ರೈಸ್ತರಿಗೆ ಈ ಪ್ರಶ್ನೆ 1933ರಲ್ಲಿ ಎದುರಾಯಿತು. ಹಿಟ್ಲರನು ಅಧಿಕಾರಕ್ಕೆ ಬಂದಾಗ ಅನೇಕ ಧರ್ಮಗುರುಗಳು ಅವನನ್ನು ಸ್ವಾಗತಿಸಿದರು. ಇನ್ನೂ ಅನೇಕರು ಬಾಯಿ ಮುಚ್ಚಿ ಕುಳಿತರು. ಅವರೆಲ್ಲರೂ ಈಸ್ಟರ್ ಹಬ್ಬವನ್ನು ಆಚರಿಸುವವರೇ. ಡೀಟ್ರಿಚ್ ಬಾನ್‌ಹಾಫರ್ ಎಂಬ ಯುವ ಲೂಥರನ್ ಪಾದ್ರಿ ಹಾಗೆ ಸುಮ್ಮನಿರಲಿಲ್ಲ. ಯಹೂದಿಯರ ಮೇಲಿನ ಅನ್ಯಾಯದ ಎದುರು ಚರ್ಚ್ ಮಾತನಾಡಲೇಬೇಕೆಂದು ಅದೇ ವರ್ಷ ಬರೆದರು. 1939ರ ಜೂನ್‌ನಲ್ಲಿ ಅವರು ನ್ಯೂಯಾರ್ಕಿನಲ್ಲಿ ಸುರಕ್ಷಿತವಾಗಿದ್ದರು. ಆದರೆ ತನ್ನ ಜನರ ಕಷ್ಟದಲ್ಲಿ ಪಾಲುಗೊಳ್ಳದವನಿಗೆ ಮುಂದೆ ಅವರ ನಡುವೆ ನಿಂತು ಬೋಧಿಸುವ ಹಕ್ಕಿಲ್ಲವೆಂದು ಭಾವಿಸಿ ಒಂದು ತಿಂಗಳೊಳಗೆ ಮರಳಿ ಹೊರಟರು.

ಮುಂದೆ ಅವರು ಹಿಟ್ಲರನ ವಿರುದ್ಧದ ಗುಪ್ತ ಸಂಚಿನಲ್ಲಿ ಸೇರಿದರು. ಅದರಲ್ಲಿ ಹತ್ಯೆಯ ಯೋಜನೆಯೂ ಇತ್ತು. ತಮ್ಮ ಗುರಿ ಒಳ್ಳೆಯದೆಂಬ ಕಾರಣಕ್ಕೆ ಅದನ್ನು ಅವರು ಪುಣ್ಯಕಾರ್ಯವೆಂದು ಕರೆಯಲಿಲ್ಲ. ಅದರ ದೋಷವನ್ನು ಹೊತ್ತು ದೇವನ ಮುಂದೆ ನಿಲ್ಲಬೇಕೆಂದೇ ತಿಳಿದಿದ್ದರು. 1943ರ ಏಪ್ರಿಲ್‌ನಲ್ಲಿ ಬಂಧನವಾಯಿತು. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಆಗ ಅವರಿಗೆ 39 ವರ್ಷ. ಎರಡು ವಾರಗಳಲ್ಲಿ ಅಮೆರಿಕದ ಸೈನ್ಯ ಆ ಶಿಬಿರವನ್ನು ತಲುಪಿತು. ಒಂದು ತಿಂಗಳು ಕಳೆಯುವುದರೊಳಗೆ ಜರ್ಮನಿ ಶರಣಾಯಿತು.

ಓದುಗರೇ, ಯೋಚಿಸಿ ನೋಡಿ. ಅವರ ಪಾಲಿಗೆ ಒಳಿತು ಗೆದ್ದಿತೇ? ಕಣ್ಣಾರೆ ಕಾಣುವುದೇ ಗೆಲುವೆಂದಾದರೆ ಅವರು ಸೋತರು. ಆದರೆ ಅವರು ಲೆಕ್ಕ ಹಾಕಿ ಗೆಲ್ಲುವ ಪಕ್ಷವನ್ನು ಸೇರಿದವರಲ್ಲ. ಕೊನೆಯ ತೀರ್ಪು ದೇವನದೆಂಬ ನಂಬಿಕೆಯೇ ಅವರನ್ನು ಫಲದ ಚಿಂತೆಯಿಂದ ಬಿಡಿಸಿತು. ಸುಮ್ಮನಿದ್ದವರಿಗೆ ಅದೇ ನಂಬಿಕೆ ತಲೆದಿಂಬಾಯಿತು: 'ಹೇಗೂ ದೇವನು ನೋಡಿಕೊಳ್ಳುತ್ತಾನೆ, ನಾವೇಕೆ ತಲೆ ಕೆಡಿಸಿಕೊಳ್ಳಬೇಕು?'

ಈ ಎರಡನೆಯ ಮಾತು ನಮ್ಮ ಮನೆಗಳಲ್ಲೂ ಕೇಳಿಬರುವುದಿಲ್ಲವೇ? ನೆರೆಯವನಿಗೆ ಅನ್ಯಾಯವಾದಾಗ 'ಅಲ್ಲಾಹನಿದ್ದಾನೆ' ಎಂದು ಬಾಗಿಲು ಹಾಕಿಕೊಳ್ಳುವುದು ತವಕ್ಕುಲ್ ಅಲ್ಲ, ಹೇಡಿತನ. ಹಝ್ರತ್ ನೂಹ್(ಅ)ರು 950 ವರ್ಷ ಜನರ ನಡುವೆ ಇದ್ದು ಕರೆ ನೀಡಿದರು. ಕಿವಿಗೊಟ್ಟವರು ಬೆರಳೆಣಿಕೆಯಷ್ಟು. ಆದರೂ ಅವರು ಕರೆಯುವುದನ್ನು ಬಿಡಲಿಲ್ಲ.

ಆದ್ದರಿಂದ ನಿಮ್ಮ ಮಗು ಆ ಪ್ರಶ್ನೆ ಕೇಳಿದರೆ, 'ಒಳ್ಳೆಯವರು ಬೇಗ ಗೆಲ್ಲುತ್ತಾರೆ' ಎಂದು ಸುಳ್ಳು ಭರವಸೆ ಕೊಡಬೇಡಿ. ಗೆಲುವಿನ ದಿನವನ್ನು ಗೊತ್ತುಪಡಿಸುವವನು ಅಲ್ಲಾಹನು, ಆ ದಿನ ಬರುವವರೆಗೆ ಯಾರ ಪಕ್ಕದಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ನಾವು ತೀರ್ಮಾನಿಸಬೇಕು ಎಂದು ಹೇಳಿ. ಹೇಳಿದ ಮೇಲೆ, ನೀವು ಎಲ್ಲಿ ನಿಲ್ಲುತ್ತೀರೆಂಬುದನ್ನು ಆ ಮಗು ನೋಡುತ್ತಿರುತ್ತದೆ ಎಂಬುದನ್ನು ಮರೆಯಬೇಡಿ.